ಗಜಕರ್ಣ ಮತ್ತು ಮೆಡಿಕಲ್ ಶಾಪಿನ ಟ್ಯೂಬು

ಮುಂಬೈ ಮಳೆಯ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಒಣಗದ ಒಳ ಉಡುಪಿನ ಬಗ್ಗೆ ಯಾರೂ ಬರೆದದ್ದು ನಾನು ಕಂಡಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಠಾಣೆಯ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನಿನ ಕೆಳಗೊಂದು ಹಗ್ಗ ಕಟ್ಟಿರುತ್ತೇವೆ. ಅದರ ಮೇಲಿನ ಬಟ್ಟೆ ಮೂರು ದಿನವಾದರೂ ಕೈಗೆ ತಣ್ಣಗೆ ತಾಕುತ್ತದೆ. ಅದನ್ನೇ ತೊಟ್ಟು, ಮೇಲೊಂದು ಬಿಗಿ ಜೀನ್ಸ್ ಏರಿಸಿ, ಲೋಕಲ್‌ನಲ್ಲಿ ಬೆವರುತ್ತ ಐರೋಲಿಗೆ ಹೋಗಿ, ಒಂಬತ್ತು ತಾಸು ಕುರ್ಚಿಯಲ್ಲಿ ಕೂರುವವರು ನಾವು. ಗಜಕರ್ಣಕ್ಕೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು? ಹುಳುಕಡ್ಡಿ ಎಂದೂ ಕರೆಯುತ್ತಾರೆ. ಹೆಸರಲ್ಲಿ ಹುಳು ಇದೆಯೇ ಹೊರತು ಅದು ಹುಳುವಲ್ಲ, ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುವ ಫಂಗಸ್.

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗ ಊಟಕ್ಕೆ ಬಂದವನು ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದ. ಹುಬ್ಬಳ್ಳಿಯಿಂದ ಬಂದು ವರ್ಷವಾಗಿತ್ತು. ಇನ್ನೂ ಮೂವರ ಜತೆ ರೂಮು. ಬಾಲ್ಕನಿಗೆ ಕರೆದು ಕೇಳಿದೆ. ಬಹಳ ಹೊತ್ತು ಮೊಬೈಲು ನೋಡುತ್ತ ನಿಂತವನು, “ಮಾಮಾ, ನೌಕರಿ ಬಿಟ್ಟು ಊರಿಗೆ ಹೋಗಬೇಕಂತ ಮಾಡೀನ್ರಿ” ಎಂದ. ನನ್ನ ಮೊದಲ ಅನುಮಾನ ಅವನ ಮ್ಯಾನೇಜರ್ ಮೇಲೆ. (ನಾನೂ ಅದೇ ಜಾತಿಯವನು, ಗೊತ್ತಿರುತ್ತದೆ.) ಅದಲ್ಲ. ತೊಡೆಸಂದಿಯ ತುರಿಕೆ, ಏಳು ತಿಂಗಳಿಂದ. ರಾತ್ರಿ ನಿದ್ದೆಯಿಲ್ಲ, ಮೀಟಿಂಗಿನಲ್ಲಿ ಗಮನವಿಲ್ಲ, ಊರಲ್ಲಿ ಹೆಣ್ಣು ನೋಡುವ ಮಾತು ಬೇರೆ ಶುರುವಾಗಿದೆ. “ಅವ್ವಗ ಹೇಳಬ್ಯಾಡ್ರಿ” ಎಂದ.

ಬ್ಯಾಗಿನಿಂದ ಒಂದು ಟ್ಯೂಬು ತೆಗೆದು ತೋರಿಸಿದ. ರೂಮಿನ ಕೆಳಗಿನ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಕೊಟ್ಟದ್ದು. ಹಚ್ಚಿದರೆ ಎರಡು ದಿನದಲ್ಲಿ ಆರಾಮ, ಬಿಟ್ಟರೆ ಮೊದಲಿಗಿಂತ ದೊಡ್ಡದು. ಸಣ್ಣ ಅಕ್ಷರ ಓದುವುದು ನನ್ನ ಚಟ. ಒಂದೇ ಟ್ಯೂಬಿನಲ್ಲಿ ಫಂಗಸ್‌ಗೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧಿ, ಜತೆಗೆ ಕ್ಲೋಬೆಟಾಸೋಲ್. ಈ ಕೊನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ಗುಂಪಿನದು. ಫಂಗಸ್ ವಿರುದ್ಧ ಚರ್ಮ ನಡೆಸುವ ಹೋರಾಟವನ್ನೇ ಅದು ಅಡಗಿಸುತ್ತದೆ. ತುರಿಕೆ, ಕೆಂಪು ಎಲ್ಲ ಆ ಹೋರಾಟದ ಗುರುತುಗಳಾದ್ದರಿಂದ ಅವು ಮಾಯ. ಕಾವಲಿಲ್ಲದ ಹೊಲದಲ್ಲಿ ಫಂಗಸ್ ಹಬ್ಬುತ್ತದೆ. ಸರ್ವರ್ ತೊಂದರೆ ಕೊಟ್ಟಾಗ ಅಲರ್ಟ್ ಆಫ್ ಮಾಡಿ ಟಿಕೆಟ್ ಕ್ಲೋಸ್ ಮಾಡುವ ಪುಣ್ಯಾತ್ಮರಿದ್ದಾರಲ್ಲ, ಅದೇ ಕೆಲಸ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಕೌಂಟರಿನಲ್ಲಿ ಅದು ಯಾರ ನೆನಪಿಗೂ ಬರುವಂತಿಲ್ಲ.

ಚರ್ಮದ ಡಾಕ್ಟರು, ಮಧ್ಯವಯಸ್ಸಿನ ಮರಾಠಿ ಹೆಂಗಸು, ಮೊದಲು ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದರು. ಅಂಚಿನಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಫಂಗಸ್ ಖಚಿತ ಮಾಡಿಕೊಂಡರು. ಮೊದಲೆಲ್ಲ ಸುಲಭಕ್ಕೆ ಕೆಲಸ ಮಾಡುತ್ತಿದ್ದ ಟರ್ಬಿನಾಫಿನ್ ಈಗ ಹಲವರಿಗೆ ನಾಟುವುದಿಲ್ಲವಂತೆ. ಆ ಮೊಂಡ ಫಂಗಸ್‌ಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರು. 2020ರಲ್ಲಿ ಹೆಸರಿಟ್ಟವರು ಜಪಾನಿನವರು, ಅದು ಸಿಕ್ಕಿದ್ದು ಅಲ್ಲಿದ್ದ ಭಾರತ, ನೇಪಾಳದ ರೋಗಿಗಳ ಮೈಮೇಲೆ. ವಲಸೆ ಹೋಗುವಾಗ ನಾವು ಏನೇನು ಹೊತ್ತುಕೊಂಡು ಹೋಗುತ್ತೇವೆ ನೋಡಿ.

ಬರೆದುಕೊಟ್ಟದ್ದು ಇಟ್ರಾಕೊನಜೋಲ್ ಕ್ಯಾಪ್ಸೂಲು. ಊಟವಾದ ಕೂಡಲೇ ನುಂಗಬೇಕು. ಹೊಟ್ಟೆಯ ಆಮ್ಲವಿದ್ದರೇ ಅದು ಮೈಗೆ ಹತ್ತುವುದು. ಹುಡುಗ ದಿನಾ ಬೆಳಿಗ್ಗೆ ನುಂಗುತ್ತಿದ್ದ ಅಸಿಡಿಟಿ ಮಾತ್ರೆ ಹಾಗಾಗಿ ಬಂದ್. ಮುಲಾಮನ್ನು ಕಲೆಯ ಮೇಲಷ್ಟೇ ಅಲ್ಲ, ಅಂಚಿನಾಚೆ ಎರಡು ಬೆರಳಗಲ ಹಚ್ಚಬೇಕು. ಕಲೆ ಹೋದ ಮೇಲೂ ಎರಡು ವಾರ ಬಿಡಬಾರದು. ಬಟ್ಟೆ ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಪೂರ್ತಿ ಒಣಗಿಸಿಯೇ ತೊಡಬೇಕು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಅವನ ರೂಮಿಗೆ ಹೋಯಿತು.

ಕಷ್ಟವಾದದ್ದು ಔಷಧಿಯಲ್ಲ, ರೂಮ್‌ಮೇಟುಗಳು. ಒಬ್ಬನಿಗೆ ವಾಸಿಯಾಗಿ ಇನ್ನೊಬ್ಬನಿಗೆ ಉಳಿದರೆ ಮತ್ತೆ ಬರುತ್ತದೆ, ಟವೆಲ್ಲು ಎಲ್ಲರದೂ ಒಂದೇ ಮೊಳೆಗೆ. ಆದರೆ ಕೇಳುವುದು ಹೇಗೆ? ಇವನು ಒಂದು ವಾರ ಬಾಯಿಬಿಡಲಿಲ್ಲ. ಕೊನೆಗೆ ತನ್ನ ಚೀಟಿಯ ಫೋಟೋವನ್ನು ರೂಮಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ ಫೋನ್ ಆಫ್ ಮಾಡಿ ಮಲಗಿದನಂತೆ. ಬೆಳಿಗ್ಗೆ ನೋಡಿದರೆ ಇಬ್ಬರು ಕ್ಲಿನಿಕ್ಕಿನ ವಿಳಾಸ ಕೇಳಿದ್ದರು. ಇಬ್ಬರ ಕಪಾಟಿನಲ್ಲೂ ಅಂಥದೇ ಟ್ಯೂಬು.

ಅಕ್ಕನಿಗೆ ಹೇಗೋ ಗೊತ್ತಾಯಿತು. “ಬೆಳ್ಳುಳ್ಳಿ ಅರದು ಹಚ್ಚಂತ ಹೇಳೋ ಅವಗ” ಎಂದು ದಿನಾ ಫೋನು. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತದೆ ಎಂದು ಅವಳನ್ನು ಒಪ್ಪಿಸುವುದು ಯಾವ ಕ್ಲೈಂಟ್ ಮೀಟಿಂಗಿಗಿಂತಲೂ ಹೆಚ್ಚು ಹೊತ್ತು ತೆಗೆದುಕೊಂಡಿತು.

ತುರಿಕೆ ನಿಲ್ಲಲು ಮೂರು ವಾರ, ಕಲೆ ಹೋಗಲು ಎರಡು ತಿಂಗಳು ಹಿಡಿಯಿತು. ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ತೊಡೆಯ ಮೇಲೆ ಎದ್ದ ಉದ್ದುದ್ದ ಗೆರೆಗಳು ಮಾತ್ರ ಇವೆ. ಬಣ್ಣ ಮಸುಕಾಗುತ್ತದೆ, ಗೆರೆ ಹೋಗುವುದಿಲ್ಲ ಎಂದರು ಡಾಕ್ಟರು. ಅವತ್ತು ಲೋಕಲ್‌ನಲ್ಲಿ ವಾಪಸು ಬರುವಾಗ, “ಹುಡುಗಿ ಮನ್ಯಾಗ ಇದನ್ನ ಹೇಳಬೇಕೇನ್ರಿ ಮಾಮಾ?” ಎಂದು ಕೇಳಿದ. ಅದು ಅಂಟುವುದಿಲ್ಲ, ರೋಗವೂ ಅಲ್ಲ, ಮನೆಯವರಿಗೆ ಹೇಳುವಂಥದ್ದೇನಿಲ್ಲ, ಹುಡುಗಿಗೆ ಬೇಕಾದರೆ ನೀನೇ ಹೇಳು ಅಂದೆ. ದೀಪಾವಳಿಗೆ ಊರಿಗೆ ಹೋಗಿ ಒಬ್ಬ ಹುಡುಗಿಯನ್ನು ನೋಡಿ ಬಂದಿದ್ದಾನೆ. ಹೇಳಿದನೋ ಇಲ್ಲವೋ ನಾನು ಕೇಳಿಲ್ಲ. ನೌಕರಿ ಬಿಡುವ ಮಾತನ್ನಂತೂ ಮತ್ತೆ ಎತ್ತಿಲ್ಲ.