ಎರಡು ವಾರದ ಮೇಳ, ವರ್ಷವಿಡೀ ಮೈದಾನ

ಈಸ್ಟರ್ ಹಬ್ಬ ಬಂತೆಂದರೆ ಸಿಡ್ನಿಯ ಮಕ್ಕಳು ಅಪ್ಪ-ಅಮ್ಮನ ಕೈಹಿಡಿದು ಕೃಷಿ ಮೇಳಕ್ಕೆ ಹೊರಡುತ್ತಾರೆ. ದನ, ಕುರಿ, ಕೋಳಿಗಳ ಸ್ಪರ್ಧೆ. ಕೊಡಲಿಯಿಂದ ಮರದ ದಿಮ್ಮಿ ಕಡಿಯುವ ಪಂದ್ಯ. ಕುಂಬಳ, ಸೇಬು, ಧಾನ್ಯಗಳನ್ನೇ ಜೋಡಿಸಿದ ಬೃಹತ್ ಚಿತ್ರಗಳು. ಹಾಲು ಪ್ಯಾಕೆಟ್ಟಿನಲ್ಲಿ ಹುಟ್ಟುವುದಿಲ್ಲ ಎಂಬ ಪಾಠ ಇಲ್ಲಿ ಪುಸ್ತಕವಿಲ್ಲದೆ ಆಗುತ್ತದೆ.

ಮೇಳ ನಡೆಸುವುದು 1822ರಲ್ಲಿ ಹುಟ್ಟಿದ, ನ್ಯೂ ಸೌತ್ ವೇಲ್ಸ್‌ನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ. ಮೊದಲ ಮೇಳ 1823ರಲ್ಲಿ ಪ್ಯಾರಮಾಟದಲ್ಲಿ ನಡೆಯಿತು. ಈ ಸಂಘದಲ್ಲಿ ಲಾಭ ಹಂಚಿಕೊಳ್ಳುವವರಿಲ್ಲ. ಖರ್ಚು ಮಾತ್ರ ತಪ್ಪಿದ್ದಲ್ಲ. ಮೇಳ ಎರಡು ವಾರದೊಳಗೆ ಮುಗಿದರೂ ಚಾವಣಿ, ವಿದ್ಯುತ್, ಕಾವಲು ವರ್ಷವಿಡೀ ಬೇಕು. ಆದ್ದರಿಂದ ಉಳಿದ ದಿನಗಳಲ್ಲಿ ಸಭಾಂಗಣಗಳು ವಸ್ತುಪ್ರದರ್ಶನಕ್ಕೆ, ಕ್ರೀಡಾಂಗಣ ಆಟೋಟ, ಸಂಗೀತಕ್ಕೆ ಬಾಡಿಗೆಗೆ ಹೋಗುತ್ತವೆ.

1882ರಿಂದ ಮೂರ್ ಪಾರ್ಕಿನಲ್ಲಿದ್ದ ಮೇಳ 1998ರಲ್ಲಿ ಹೋಂಬುಷ್‌ಗೆ ಬಂತು. 2000ದ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಆಡಿದ್ದು ಇದೇ ಅಂಗಳದಲ್ಲಿ.

1919ರಲ್ಲಿ ಇನ್‌ಫ್ಲುಯೆನ್ಜಾ, 1942ರಿಂದ 1946ರವರೆಗೆ ಯುದ್ಧ, 2020ರಲ್ಲಿ ಕೊರೊನಾ ಮೇಳವನ್ನು ನಿಲ್ಲಿಸಿದವು. ಜನ ಸೇರುವುದೇ ನಿಂತಾಗ ಟಿಕೆಟ್ಟಿಗೂ ಬಾಡಿಗೆಗೂ ಒಮ್ಮೆಲೇ ಪೆಟ್ಟು. ಆದರೂ 2021ರಲ್ಲಿ ಗೇಟು ಮತ್ತೆ ತೆರೆಯಿತು. ಕೊಟ್ಟಿಗೆಗಳಲ್ಲಿ ಕರುಗಳು, ಅವುಗಳ ಮುಂದೆ ಮಕ್ಕಳು.

ಲಾಭ ಬೇಡವೆಂದವರಿಗೂ ಲೆಕ್ಕ ಬೇಕು. ಸದುದ್ದೇಶ ಬಾಳುವುದು ಅದರಿಂದಲೇ.