ಜಿನ್ನಿನ ಚಿಮಣಿ, ಮನೆಯ ಲೆಕ್ಕ

ಸೋದರಿಯರೇ, ನಿಮ್ಮ ಊರಿನ ಕಡೆಗೂ ಒಂದು ಹಳೇ ಹತ್ತಿ ಜಿನ್ ಇದ್ದೀತು. ತಗಡಿನ ಮಾಡು, ಜಂಗು ಹಿಡಿದ ಬಾಗಿಲು, ನಡುವೆ ಎತ್ತರದ ಇಟ್ಟಂಗಿ ಚಿಮಣಿ. ಮಸೂತಿಯ ನಮ್ಮ ಮನೆತನಕ್ಕೂ ಅಂಥದೊಂದರಲ್ಲಿ ಪಾಲಿದೆ. ಅಲ್ಲೀಗ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುವ ಮಾತು ನಡೆದಿದೆ.

"ವೈನಿ, ಚಿಮಣಿ ಕೆಡವಿದ್ರ ಎರಡು ಅಂಗಡಿ ಜಾಸ್ತಿ ಆಗ್ತಾವ" ಎನ್ನುತ್ತಾನೆ ಮೈದುನ. ಅವನ ಲೆಕ್ಕ ಸುಳ್ಳಲ್ಲ. ಎರಡು ಅಂಗಡಿಯ ಬಾಡಿಗೆ ಎಂದರೆ ಅವನ ಮಗಳ ಕಾಲೇಜಿನ ಫೀಸು. ಆದರೂ ನಾನು ಬೇಡ ಅಂದೆ. ಯಾಕೆ, ಕೇಳಿ.

1884ರಲ್ಲಿ ವಿಜಾಪುರಕ್ಕೆ ರೈಲು ಬಂದಿತು. ನಮ್ಮ ಎರಿ ಹೊಲದ ಹತ್ತಿಗೆ ಸೊಲ್ಲಾಪುರ, ಮುಂಬಯಿಯ ಗಿರಣಿಗಳ ದಾರಿ ಹತ್ತಿರವಾಯಿತು. ಅರಳೆ ಬೇರೆ, ಹತ್ತಿಕಾಳು ಬೇರೆ ಮಾಡುವ ಜಿನ್ನುಗಳಲ್ಲಿ ಯಂತ್ರದ ಮುಂದೆ ಹತ್ತಿ ಉಣಿಸುತ್ತ ಕೂತವರಲ್ಲಿ ಹೆಂಗಸರೇ ಬಹಳ. ಮುಂಬಯಿ ಗಿರಣಿಗಳಲ್ಲೂ ನೂಲು ಸುತ್ತುವ ಖಾತೆಯಲ್ಲಿ ಅವರೇ. ಮೂಗಿಗೆ ಸೆರಗು ಕಟ್ಟಿಕೊಂಡು ದುಡಿದವರ ಹೆಸರು ಯಾವ ಉತಾರದಲ್ಲಿ ಸಿಗುತ್ತದೆ, ಹೇಳಿ?

ಉಳಿಸಿದರೆ ವ್ಯಾಪಾರ ಕೆಡುತ್ತದೆಂಬ ಅಂಜಿಕೆ ಬೇಡ. ಮುಂಬಯಿಯ ಲೋವರ್ ಪರೇಲದಲ್ಲಿ 1905ರ ಫೀನಿಕ್ಸ್ ಮಿಲ್ಲಿನ ಜಾಗ ಇವತ್ತು ಭಾರೀ ಮಾಲು. ಅಂಗಡಿ, ಹೋಟೆಲುಗಳ ನಡುವೆ ಮಿಲ್ಲಿನ ಚಿಮಣಿ ನಿಂತೇ ಇದೆ. ಲಂಡನ್ನಿನ ಕಿಂಗ್ಸ್ ಕ್ರಾಸಿನಲ್ಲಿ, 1850ರ ದಶಕದಿಂದ ರೈಲಿನ ಕಲ್ಲಿದ್ದಲನ್ನು ಕೆಳಗಿನ ಬಂಡಿಗಳಿಗೆ ಸುರಿಯುತ್ತಿದ್ದ ಇಟ್ಟಂಗಿ ಕಟ್ಟಡಗಳು 2018ರಲ್ಲಿ ಅಂಗಡಿಸಾಲುಗಳಾದವು. ಚಿಮಣಿ ಒಂದನ್ನೇ ಉಳಿಸುವುದು ಮಾತ್ರ ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಒಂದಾದರೂ ಜಿನ್ ಯಂತ್ರ ಅದರ ಬುಡದಲ್ಲಿರಲಿ. ಇಲ್ಲವಾದರೆ ನಾಳೆ ಮೊಮ್ಮಕ್ಕಳು ಅದನ್ನು ಇಟ್ಟಂಗಿ ಭಟ್ಟಿ ಎಂದುಕೊಂಡಾರು!

ಉಳಿಸುವುದಕ್ಕೂ ಕ್ರಮವಿದೆ. ಹಳೇ ಚಿಮಣಿಯನ್ನು ಸುಣ್ಣದ ಗಚ್ಚಿನಲ್ಲಿ ಕಟ್ಟಿರುತ್ತಾರೆ. ಸಂದಿಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಇಟ್ಟಂಗಿಯೇ ಹಕ್ಕಳೆಯಾಗಿ ಉದುರುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ. ಬಿರುಕಿನಲ್ಲಿ ಅರಳಿ ಗಿಡ ಬಂದರೆ ಸಣ್ಣದಿದ್ದಾಗಲೇ ಬೇರು ಸಹಿತ ತೆಗೆಸಬೇಕು. ಸಿಡಿಲು ತಡೆಯುವ ತಂತಿ ಬೇಕು. ಗಟ್ಟಿ ಇದೆಯೋ ಇಲ್ಲವೋ ಎಂದು ಎಂಜಿನಿಯರರಿಂದ ನೋಡಿಸದೆ ಕೆಳಗೆ ಯಾರನ್ನೂ ಕೂಡಿಸಬಾರದು. ಈ ಮಾತಿನಲ್ಲಿ ಮೈದುನ ನನಗಿಂತ ಗಟ್ಟಿ.

ಕೊನೆಗೆ ಅವನು ಒಂದು ಅಂಗಡಿಗೆ ಇಳಿದಿದ್ದಾನೆ. ಆ ಒಂದರ ಬಾಡಿಗೆಯನ್ನು ನಮ್ಮ ಪಾಲಿನಲ್ಲಿ ಹಿಡಿದುಕೊಳ್ಳಿರೆಂದು ನಾನೂ ನಮ್ಮ ಮನೆಯವರೂ ಹೇಳಿದ್ದೇವೆ. ಅತ್ತೆಯವರು ಇನ್ನೂ ಬಾಯಿ ಬಿಟ್ಟಿಲ್ಲ. ಸುಣ್ಣದ ಗಚ್ಚು ಅರೆದು ಕಟ್ಟಬಲ್ಲ ಹಳೇ ಗೌಂಡಿ ನಿಮ್ಮೂರಲ್ಲಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ.