ತಾತ ಕೆಳಗಿಟ್ಟ ತಮಟೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ದಾಗ ಓದಿ. ಬೈಯೋದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಕೋಲಾರದ ಕಡೆ ನಮ್ಮೂರ ಚರ್ಚಿನಲ್ಲಿ ವರ್ಷಕ್ಕೊಂದು ಸಲ ಬೆಳೆ ಹಬ್ಬ ನಡೆಯುತ್ತೆ. ರಾಗಿ, ಅವರೆಕಾಯಿ, ಟೊಮೆಟೊ, ಕುಂಬಳಕಾಯಿ, ನಾಟಿ ಕೋಳಿ, ಮೊಟ್ಟೆ, ಯಾರ ಹತ್ರ ಏನಿದೆಯೋ ಅದನ್ನ ತಂದು ಆಲ್ಟರ್ ಮುಂದೆ ಇಡ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಐವತ್ತು ರೂಪಾಯಿ ಕುಂಬಳಕಾಯಿ ಐನೂರಕ್ಕೆ ಹೋಗುತ್ತೆ, ಎಲ್ಲರೂ ನಗ್ತಾರೆ, ಆಮೇಲೆ ಊಟ. ಸಭೆಯಲ್ಲಿ ಇರೋರು ಹೆಚ್ಚೂಕಮ್ಮಿ ನಮ್ಮ ಕೇರಿಯವರೇ. ಇದನ್ನ ಚರ್ಚಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಳದೇ ಇರೋದಕ್ಕೆ ಅಲ್ಲಿ 'ಕ್ರಿಸ್ತನಲ್ಲಿ ಒಂದಾಗಿದ್ದೇವೆ' ಅಂತಾರೆ.

ಈ ಸಲ ಕೇರಿಯ ಹುಡುಗರಿಗೊಂದು ಆಸೆ. ಏಪ್ರಿಲ್ 14ಕ್ಕೆ ನಮ್ಮ ಜೊತೆ ಮೆರವಣಿಗೆಯಲ್ಲಿ ತಮಟೆ ಬಾರಿಸೋ ಹುಡುಗರೇ ಇವರು. ಬೆಳೆ ಕಾಣಿಕೆ ತರೋವಾಗ ತಮಟೆ ಬಾರಿಸಿಕೊಂಡು ಆಲ್ಟರ್ ತನಕ ಬರ್ತೀವಿ ಅಂದ್ರು. ಕಮಿಟಿ ಆಗಲ್ಲ ಅಂತು. ಕೊಟ್ಟ ಕಾರಣ ಒಂದೇ: 'ಅದು ಹೆಣದ ಮುಂದೆ ಬಡಿಯೋದು. ದೇವರ ಸನ್ನಿಧಿಗೆ ಸರಿಹೋಗಲ್ಲ.'

ನನ್ನನ್ನ ಮಾತಾಡೋಕೆ ಕರೆದಿದ್ದೇ ಆ ಹುಡುಗರು. ನಾನು ಹೋದೆ. ಇಪ್ಪತ್ತು ವರ್ಷ ಮೈಕ್ ಹಿಡಿದವನಿಗೆ ಒಂದು ಚರ್ಚ್ ಕಮಿಟಿ ಯಾವ ಲೆಕ್ಕ ಅಂದುಕೊಂಡಿದ್ದೆ.

ನನ್ನ ವಾದ ಹೀಗಿತ್ತು. ಹಬ್ಬಕ್ಕೆ ಅಂತ ಬೆಂಗಳೂರಿಂದ ವರ್ಶಿಪ್ ಟೀಮ್ ಕರೆಸ್ತೀರಿ. ಕೀಬೋರ್ಡ್, ಬೇಸ್ ಗಿಟಾರು, ಡ್ರಮ್ ಸೆಟ್ಟು. ಆಸ್ಟ್ರೇಲಿಯಾದ ಯಾವುದೋ ದೊಡ್ಡ ಚರ್ಚಿನ ಹಾಡಿಗೆ ಕನ್ನಡದ ಪದ ತುರುಕಿ ಹಾಡ್ತಾರೆ. ಅವರ ಡ್ರಮ್ ಸೆಟ್ಟು ಯಾವ ಬಾರಿನಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಮ್ಮ ತಮಟೆ ಯಾವ ಹೆಣದ ಮುಂದೆ ಇತ್ತು ಅಂತ ಮಾತ್ರ ಕೇಳ್ತೀರಿ. ನಿಮ್ಮ ಬೈಬಲ್ಲಲ್ಲೇ ಇದೆಯಲ್ಲ, 150ನೇ ಕೀರ್ತನೆಯಲ್ಲಿ ದಮ್ಮಡಿ ಬಾರಿಸಿ ಸ್ತುತಿಸಿ ಅಂತ. ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ಕೈಗೆ ತಗೊಂಡಿದ್ದೂ ದಮ್ಮಡಿಯನ್ನೇ. ದಮ್ಮಡಿ ಅಂದ್ರೆ ಏನು? ಬಳೆಗೆ ಚರ್ಮ ಬಿಗಿದ ವಾದ್ಯ. ನಮ್ಮ ತಮಟೆಯ ತಂಗಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹೆಂಗಸು ಮೊದಲು ಮಾಡಿದ ಕೆಲಸವೇ ಚರ್ಮ ಬಡಿದಿದ್ದು. ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಇದೇ ತಮಟೆಗೆ ಪದ್ಮಶ್ರೀ ಬಂತು. ದಿಲ್ಲಿಗೆ ಆಗುತ್ತೆ, ನಿಮ್ಮ ಆಲ್ಟರಿಗೆ ಆಗಲ್ವಾ?

ಹುಡುಗರು ಚಪ್ಪಾಳೆ ತಟ್ಟಿದ್ರು. ಆ ಜೋಶಲ್ಲಿ ಇನ್ನೊಂದು ಮಾತು ಹೇಳಿದೆ. 'ಆ ಫಾರಿನ್ ರಾಗಗಳು ನಮ್ಮವಲ್ಲ. ಎಳೆದು ಎಳೆದು ಹಾಡೋ ಆ ಹಳೇ ಕೀರ್ತನೆಗಳೂ ನಮ್ಮವಲ್ಲ. ನಮ್ಮದು ಅಂತ ಇರೋದು ತಮಟೆ ಒಂದೇ.'

ಆಗ ನನ್ನ ಸೋದರತ್ತೆ ಎದ್ದು ನಿಂತಳು. ಎಪ್ಪತ್ತೆಂಟು ವರ್ಷ. ಸಭೆಯಲ್ಲಿ ಅವಳು ಮಾತಾಡಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

'ನಿಂಗೆ ತಮಟೆ ಅಂದ್ರೆ ಭಾಷಣ ಕಣಪ್ಪ. ನಮ್ಮಪ್ಪಂಗೆ ಅದು ಬಿಟ್ಟಿ' ಅಂದಳು.

ಮುಂದಿನದನ್ನ ಅವಳು ಅಲ್ಲಿ ಹೇಳಲಿಲ್ಲ. ರಾತ್ರಿ ಮನೆಯಲ್ಲಿ ಹೇಳಿದಳು.

ತಾತ ಊರಿಗೆಲ್ಲ ತಮಟೆ ಬಡೀತಿದ್ದ. ಸಾವು, ಮದುವೆ, ಜಾತ್ರೆ, ಡಂಗೂರ. ಕರೆದಾಗ ಹೋಗಬೇಕು. 'ಬರ್ತೀಯಾ' ಅಂತ ಯಾರೂ ಕೇಳ್ತಿರಲಿಲ್ಲ, 'ಬಾರೋ' ಅಂತಿದ್ರು. ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಹಬ್ಬದ ದಿನ ಉಳಿದ ಅನ್ನ. ದೇವರ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ತಾತ. ಗುಡಿ ಬಾಗಿಲು ಬಂದ ತಕ್ಷಣ ಪಕ್ಕಕ್ಕೆ ಸರಿದು ನಿಲ್ಲಬೇಕು. ಅತ್ತೆಗೆ ಆರೋ ಏಳೋ ವರ್ಷ ಇದ್ದಾಗ ಅವಳ ತಂಗಿಗೆ ಜ್ವರ ಬಂತು. ಅದೇ ಹೊತ್ತಿಗೆ ಜಾತ್ರೆ. ಮಗೂಗೆ ಹುಷಾರಿಲ್ಲ ಅಂತ ತಾತ ಕೈ ಮುಗಿದನಂತೆ. ಬಿಡಲಿಲ್ಲ. ಎರಡು ದಿನ ಬಡಿದು ವಾಪಸ್ ಬರೋ ಹೊತ್ತಿಗೆ ಮಗು ಮಣ್ಣಾಗಿತ್ತು.

'ಊರ ಹೆಣಕ್ಕೆಲ್ಲ ಬಡಿದೋನು, ತನ್ನ ಮಗು ಹೆಣಕ್ಕೆ ಇರಲಿಲ್ಲ' ಅಂದಳು ಅತ್ತೆ.

ಆವತ್ತು ಕೆಳಗಿಟ್ಟ ತಮಟೆ ತಾತ ಮತ್ತೆ ಎತ್ತಲಿಲ್ಲ. ಊರವರು ರಾಗಿ ನಿಲ್ಲಿಸಿದ್ರು, ಕೂಲಿಗೆ ಕರೆಯೋದು ನಿಲ್ಲಿಸಿದ್ರು. ಆಗ ಪಕ್ಕದ ಊರಿಂದ ಸೈಕಲ್ಲಲ್ಲಿ ಒಬ್ಬ ಉಪದೇಶಿ ಬರ್ತಿದ್ದನಂತೆ, ಅವನೂ ನಮ್ಮ ಜನವೇ. ಮಗುವಿನ ಗುಂಡಿ ಹತ್ರ ನಿಂತು ಪ್ರಾರ್ಥನೆ ಮಾಡಿ ಒಂದು ಹಾಡು ಹೇಳಿದ. ಎಳೆದು ಎಳೆದು ಹಾಡೋ ಹಾಡು. ಯಾವ ದೇಶದ ರಾಗವೋ, ಯಾವ ಮಿಷನರಿ ತಂದಿದ್ದೋ. ಅತ್ತೆ ಹೇಳಿದ್ದು ಇಷ್ಟು: 'ನಾವು ಎಲ್ಲರ ಸಾವಿಗೂ ಬಡಿದಿದ್ವಿ. ನಮ್ಮ ಮನೆ ಸಾವಿಗೆ ಒಬ್ಬರು ಹಾಡಿದ್ದು ಅದೇ ಮೊದಲು.'

ನಾನು ಫಾರಿನ್ ಅಂದ ಹಾಡು ಅದು. ತಾತ ಸಾಯೋ ತನಕ ಮುಂಜಾನೆ ಅದನ್ನೇ ಹಾಡ್ತಿದ್ದ. ಯಾರೂ ಹೇಳದೆ, ಯಾರೂ ಕರೆಯದೆ, ತಾನಾಗೇ ಬಾಯಿ ತೆರೆದು ಹಾಡಿದ ಮೊದಲ ಹಾಡು ಅದು ಅವನಿಗೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 'ಫಾರಿನ್', 'ನಮ್ಮದಲ್ಲ' ಅನ್ನೋ ಪದಗಳು ನನ್ನ ಬಾಯಿಗೆ ಎಲ್ಲಿಂದ ಬಂದವು? ನಮ್ಮ ಪ್ರಾರ್ಥನೆ ಮನೆಗಳ ಬಾಗಿಲಲ್ಲಿ ನಿಂತು ಕೂಗಾಡೋರೂ ಇದನ್ನೇ ಹೇಳೋದು, ಫಾರಿನ್ ಧರ್ಮ, ನಿಮ್ಮದಲ್ಲ, ಮನೆಗೆ ವಾಪಸ್ ಬನ್ನಿ ಅಂತ. ನಾನು ಅದೇ ಮಾತನ್ನ ನೀಲಿ ಶಾಲು ಹೊದ್ದು ಹೇಳಿದ್ದೆ. ನಮ್ಮ ಅಸಲಿತನ ಏನು ಅಂತ ನಮಗೆ ಹೇಳಿಕೊಡೋಕೆ ಎಲ್ಲರೂ ತಯಾರು. ಸರ್ಕಾರಕ್ಕೂ ಅದೇ ಚಾಳಿ. 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾ ನೋಡಿ. ಮೊದಲು ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಕೈಯಲ್ಲಿ ತಮಟೆ ಇದ್ದರೆ ಹೊಲೆಮಾದಿಗ, ಬೈಬಲ್ ಹಿಡಿದ ತಕ್ಷಣ ಜಾತಿ ಮಾಯ ಅನ್ನೋ ಲೆಕ್ಕ. ಊರವರ ಕಣ್ಣಿಗೆ ಮಾತ್ರ ಅದು ಯಾವತ್ತೂ ಮಾಯ ಆಗಲಿಲ್ಲ.

ಹಾಗಂತ ಕಮಿಟಿ ಹೇಳಿದ್ದು ಸರಿ ಅಂತಲ್ಲ. ಅತ್ತೆಯ ಮಾತನ್ನ ಅವರು ಗೆದ್ದ ಹಾಗೆ ಹಿಡ್ಕೊಂಡ್ರು, ಅದು ಮೋಸ. ಅತ್ತೆ ಬೇಡ ಅಂದಿದ್ದು ಬಿಟ್ಟಿಯನ್ನ. ಅವರು ಬೇಡ ಅಂದಿದ್ದು ಚರ್ಮವನ್ನ.

ಚರ್ಚಿನ ಸಂಗೀತದಲ್ಲಿ 'ನಮ್ಮದು' ಅಂತ ಯಾವುದನ್ನ ಒಳಗೆ ಬಿಟ್ಟರು ಅನ್ನೋದರ ಚರಿತ್ರೆ ಸ್ವಲ್ಪ ನೋಡಿ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864) ತಮಿಳು ಕ್ರೈಸ್ತ ಕೀರ್ತನೆಗಳ ದೊಡ್ಡ ಹೆಸರು. ಮಿಷನರಿಗಳು ಚರ್ಚಿನಲ್ಲಿ ಎಲ್ಲ ಜಾತಿಯವರೂ ಬೆರೆತು ಕೂರಬೇಕು ಅಂದಾಗ, ಅದರ ವಿರುದ್ಧ ನಿಂತು ವೆಳ್ಳಾಲರ ಜಾತಿ ಪದ್ಧತಿಯನ್ನ ಸಮರ್ಥಿಸಿಕೊಂಡವರೂ ಅವರೇ. ಆ ಕರ್ನಾಟಕ ಸಂಗೀತದ ಧಾಟಿಯೇ ಮುಂದೆ 'ದೇಸಿ ಕ್ರೈಸ್ತ ಸಂಗೀತ' ಅನ್ನಿಸಿಕೊಂಡಿತು. ನಮ್ಮ ಬೆಂಗಳೂರಲ್ಲೇ 1967ರಲ್ಲಿ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಕ್ಯಾಥೊಲಿಕರ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಆರಾಧನೆ ಭಾರತೀಯವಾಗಬೇಕು ಅನ್ನೋದು ಅಲ್ಲಿಯ ಆಶಯ. ಒಳ್ಳೇ ಆಶಯವೇ. ಆದರೆ ಭಾರತೀಯ ಅಂದ ತಕ್ಷಣ ಬಂದಿದ್ದು ಆರತಿ, ದೀಪ, ಭಜನೆ. ದೇವಸ್ಥಾನದ ಒಳಗಿದ್ದಿದ್ದೇ ಚರ್ಚಿನ ಒಳಗೂ ಬಂತು. ದೇವಸ್ಥಾನದ ಹೊರಗೆ ನಿಂತಿದ್ದು ಇಲ್ಲೂ ಹೊರಗೇ ನಿಂತಿತು. ಅಂದ್ರೆ ನನ್ನ ತಾತ.

ಇದನ್ನ ನೇರವಾಗಿ ಕೆಣಕಿದವರು ಮದುರೈನ ಥಿಯಾಲಜಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಜೇಮ್ಸ್ ಥಿಯೋಫಿಲಸ್ ಅಪ್ಪಾವು. ಜನ ಪ್ರೀತಿಯಿಂದ ಪರಟ್ಟೈ ಅಣ್ಣನ್ ಅಂತಿದ್ರು. ಜಾನಪದ ಧಾಟಿಯಲ್ಲಿ ಇಡೀ ಆರಾಧನೆಯನ್ನೇ ಕಟ್ಟಿ, ಪರೈಯನ್ನ ಅದರೊಳಗೆ ತಂದ್ರು. ಕರ್ತನ ಪ್ರಾರ್ಥನೆಯಲ್ಲಿ 'ತಂದೆ' ಅನ್ನೋ ಜಾಗಕ್ಕೆ ಅವರು ಹಾಕಿದ ಪದ 'ಪೆತ್ತವರೇ'. ನಮ್ಮ ಕನ್ನಡದ 'ಹೆತ್ತವರೇ'. ಅಪ್ಪನೂ ಆಯಿತು, ಅವ್ವನೂ ಆಯಿತು. ಇದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಹಾಡು ಕಟ್ಟಿದವನ ಸ್ವತ್ತಲ್ಲ, ಹಾಡೋರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಲಿ ಅನ್ನೋದು ಅವರ ನಿಲುವು. ಆರ್ಗನ್ ಬೇಕು, ಟ್ರೇನಿಂಗ್ ಬೇಕು ಅಂದ್ರೆ ಬಡವರ ಬಾಯಿ ಮುಚ್ಚಿಹೋಗುತ್ತೆ. ಎಲ್ಲರ ಕೈಗೂ ಬಾಯಿಗೂ ಸಿಗಬೇಕು. ಆರಾಧನೆ ಅಂದ್ರೆ ಒಂದೇ ಒಲೆಯ ಊಟ ಇದ್ದ ಹಾಗೆ ಅಂತಿದ್ರು.

ಅತ್ತೆಯ ಮುಜುಗರವೂ ಹೊಸದಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕಪ್ಪುಜನರ ಫಿಸ್ಕ್ ಕಾಲೇಜಿಗೆ ಹಣ ಕೂಡಿಸೋಕೆ 1871ರಲ್ಲಿ ವಿದ್ಯಾರ್ಥಿಗಳ ಹಾಡಿನ ತಂಡ ಹೊರಟಿತು. ಗುಲಾಮರ ಹಾಡುಗಳನ್ನ ಜಗತ್ತಿಗೆ ಕೇಳಿಸಿದ ತಂಡ ಅದು. ಅದೇ ಮಕ್ಕಳು ಮೊದಮೊದಲು ಆ ಹಾಡುಗಳನ್ನ ಹೊರಗಿನವರ ಮುಂದೆ ಹಾಡೋಕೆ ಹಿಂಜರಿದಿದ್ರು. ಅವು ಅಪ್ಪ ಅಮ್ಮನ ಗುಲಾಮಗಿರಿಯ ನೆನಪು, ಅವರ ಗುಟ್ಟಿನ ಪ್ರಾರ್ಥನೆ. ಹಿಂಜರಿದ ಬಾಯಿಗಳೇ ಹಾಡಿದ್ದರಿಂದ ಆ ಹಾಡು ಉಳಿಯಿತು. ಬೇರೆ ಯಾರೋ ಹಾಡಿಸಿದ್ದರೆ ಅದು ಇನ್ನೊಂದು ಬಿಟ್ಟಿ ಆಗ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅತ್ತೆಯನ್ನ ಕೇಳಿದೆ, 'ಹಂಗಾದ್ರೆ ತಮಟೆ ಬೇಡ್ವಾ ಅತ್ತೆ?' ಅಂತ.

'ಬೇಡ ಅಂದೆನಾ ನಾನು? ಬಡಿಯೋದಾದ್ರೆ ಎಲ್ಲಾರೂ ಬಡೀಲಿ. ಹುಡುಗೀರೂ ಬಡೀಲಿ. ಅಯ್ಯನವರೂ ಬಡೀಲಿ, ಟೌನಿಂದ ಬರೋ ಸೆಕ್ರೆಟರಿನೂ ಬಡೀಲಿ. ನಮ್ಮ ಹುಡುಗರನ್ನ ಮಾತ್ರ ಕರೆಸಿ ಬಡಿಸಿ ಅವರು ನೋಡ್ತಾ ಕೂರೋದು ಬೇಡ. ಅದನ್ನ ನಮ್ಮಪ್ಪ ನೋಡಿ ಆಗದೆ.'

ಒಂದು ಗಂಟೆ ಭಾಷಣದಲ್ಲಿ ನನಗೆ ಹೊಳೆಯದೇ ಇದ್ದಿದ್ದನ್ನ ಅವಳು ಅವರೆಕಾಯಿ ಸುಲೀತಾ ಹೇಳಿದಳು.

ಕಮಿಟಿ ಕೊನೆಗೆ ಅರ್ಧಕ್ಕೆ ಒಪ್ಪಿತು: ಚರ್ಚಿನ ಬಾಗಿಲ ತನಕ ಬಾರಿಸಬಹುದು, ಒಳಗೆ ಬೇಡ. ಹಬ್ಬದ ದಿನ ಅಡುಗೆ ಒಲೆಯ ಪಕ್ಕದಲ್ಲೇ ಹುಡುಗರು ತಮಟೆ ಕಾಸಿ ಹದ ಮಾಡಿದ್ರು. ಐದು ಹುಡುಗರು, ಇಬ್ಬರು ಹುಡುಗಿಯರು. ಸೆಕ್ರೆಟರಿ ಬರಲಿಲ್ಲ, ಮೈ ಹುಷಾರಿಲ್ಲ ಅಂತ ಹೇಳಿಕಳಿಸಿದ್ರು. ಅಯ್ಯನವರು ಮಾತ್ರ ಅತ್ತೆಯ ಮುಂದೆ ಇಲ್ಲ ಅನ್ನೋಕಾಗದೆ ಒಂದು ತಮಟೆ ತಗಲಿಸಿಕೊಂಡ್ರು. ತಾಳ ತಪ್ಪಿದ್ರು. ಒಬ್ಬ ಹುಡುಗಿ ಅವರ ಕೈ ಹಿಡಿದು ಕೋಲು ಹೇಗೆ ಹಿಡೀಬೇಕು ಅಂತ ತೋರಿಸಿಕೊಟ್ಟಳು. ಜನ ನಕ್ಕರು, ಅವರೂ ನಕ್ಕರು. ಆ ಚರ್ಚಿನಲ್ಲಿ ಕಲಿಸೋರು ಕಲಿಯೋರು ಅದಲುಬದಲಾಗಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಬಾಗಿಲು ಬಂತು. ತಮಟೆ ನಿಂತಿತು. ಹುಡುಗರು ಪಕ್ಕಕ್ಕೆ ಸರಿದ್ರು. ಅವರು ಸರಿದ ರೀತಿ ನೋಡಿ ನನ್ನ ಹೊಟ್ಟೆ ಕಿವುಚಿದ ಹಾಗಾಯಿತು. ತಾತ ಗುಡಿ ಮುಂದೆ ಹೀಗೇ ಸರಿದಿರಬೇಕು.

ಅತ್ತೆ ತಲೆ ಮೇಲೆ ರಾಗಿ ಗಂಟು ಹೊತ್ತು ಸಾಲಿನಲ್ಲಿ ಬರ್ತಿದ್ದಳು. ಹೊಸ್ತಿಲ ಹತ್ರ ನಿಂತಳು. ಒಳಗೆ ಹೋಗಲಿಲ್ಲ. ಹಿಂದಿನವರೂ ನಿಂತರು. ಒಳಗೆ ಕೀಬೋರ್ಡಿನವರು ಕಾಯ್ತಿದ್ದಾರೆ. ಅತ್ತೆ ಅಲ್ಲೇ ನಿಂತು ತಾತನ ಹಾಡು ಶುರು ಮಾಡಿದಳು, ಅದೇ ಎಳೆದು ಎಳೆದು ಹಾಡೋದು. ಕೇರಿಯ ಮುದುಕಿಯರೆಲ್ಲ ಸೇರಿಸಿದ್ರು. ಎರಡನೇ ಚರಣಕ್ಕೆ ಒಬ್ಬ ಹುಡುಗ ತಮಟೆಯ ಮೇಲೆ ಬೆರಳಲ್ಲೇ ಮೆಲ್ಲಗೆ ತಟ್ಟೋಕೆ ಶುರು ಮಾಡಿದ. ಆ ಹಾಡಿಗೆ ಅದು ಸರಿಯಾಗಿ ಕೂರಲಿಲ್ಲ, ನಿಜ ಹೇಳ್ತೀನಿ. ಒಂದು ಮುಂದೆ ಹೋಗುತ್ತೆ, ಇನ್ನೊಂದು ಹಿಂದೆ. ಅತ್ತೆ ನಿಲ್ಲಿಸು ಅನ್ನಲಿಲ್ಲ.

ಹಾಡು ಮುಗಿದ ಮೇಲೆ ಅತ್ತೆ ಒಳಗೆ ಹೋದಳು. ತಮಟೆಗಳು ಹೊರಗೇ ಉಳಿದವು. ನಾನು ಅವುಗಳ ಜೊತೆ ಹೊರಗೇ ಕೂತಿದ್ದೆ.

ಮುಂದಿನ ತಿಂಗಳು ಕಮಿಟಿ ಮತ್ತೆ ಸೇರುತ್ತೆ. ಈ ಸಲ ಅರ್ಜಿ ಬರೆದಿರೋದು ಹುಡುಗಿಯರು. ಮೊದಲ ಸಾಲಲ್ಲೇ ಅತ್ತೆಯ ಷರತ್ತಿದೆ: ಎಲ್ಲರೂ ಬಾರಿಸಬೇಕು. ಹಳೇ ಕೀರ್ತನೆಗಳನ್ನ ಬಿಡಬಾರದು ಅಂತಲೂ ಇದೆ. ನಾನು ಭಾಷಣ ಮಾಡಲ್ಲ, ಹಿಂದೆ ಕೂತಿರ್ತೀನಿ.

ಗೆಳೆಯರಲ್ಲಿ ಒಂದು ಕೇಳಿಕೆ. 'ಚರ್ಚ್ ಯಾಕೆ ಬೇಕು ನಿಂಗೆ' ಅಂತ ಕಾಮೆಂಟ್ ಹಾಕೋ ಮುಂಚೆ, 'ತಮಟೆಯೇ ನಮ್ಮ ಅಸ್ಮಿತೆ' ಅಂತ ನನ್ನ ಹಾಗೆ ಕೂಗೋ ಮುಂಚೆ, ನಿಮ್ಮ ಮನೆಯ ಹಿರಿಯರನ್ನ ಒಂದು ಮಾತು ಕೇಳಿ. ಅದನ್ನ ಯಾವಾಗ ಕೆಳಗಿಟ್ರಿ, ಯಾಕೆ ಇಟ್ರಿ, ಇಟ್ಟ ಮೇಲೆ ಏನು ಹಾಡಿದ್ರಿ ಅಂತ. ಕೇಳಿ ಬರೆದಿಡಿ. ಅವರು ಹೋದ ಮೇಲೆ ಯಾವುದು ನಮ್ಮದು, ಯಾವುದು ಅಲ್ಲ ಅಂತ ಹೇಳೋಕೆ ಬೇರೆಯವರು ಸಾಲುಗಟ್ಟಿ ನಿಂತಿದ್ದಾರೆ.

ಜೈ ಭೀಮ್. ದೇವರಿಗೆ ಸ್ತೋತ್ರ.